‘ದೇವರು ಕಾಪಾಡಿದ’ ಎಂಬ ಮಾತು

ಪ್ರಯಾಣ ಮುಗಿಸಿ ಮನೆ ಸೇರಿದವರು ಕೈಚೀಲವನ್ನು ಕೆಳಗಿಡುವ ಮುನ್ನವೇ ಆಡುವ ಮಾತೊಂದುಂಟು: ‘ಸದ್ಯ, ದೇವರು ಕಾಪಾಡಿದ.’ ನಡುದಾರಿಯಲ್ಲಿ ಕೆಟ್ಟು ನಿಂತ ಬಸ್ಸು ಇರುಳಾಗುವ ಮೊದಲು ಹೊರಟಿತು. ಜನಜಂಗುಳಿಯಲ್ಲಿ ಕೈತಪ್ಪಿದ ಮಗು ಮುಂದಿನ ಕಂಬದ ಬಳಿಯೇ ಅಳುತ್ತ ನಿಂತಿತ್ತು. ಕಾಯ್ದಿರಿಸಿದ ಸ್ಥಳ ದೊರೆಯದೆ ನಿಂತೇ ಹೊರಟ ವೃದ್ಧರಿಗೆ ಯಾರೋ ಅಪರಿಚಿತರು ಎದ್ದು ಜಾಗ ಕೊಟ್ಟರು. ಇವಾವುವೂ ಪುರಾಣಗಳಲ್ಲಿ ಬರುವಂತಹ ಮಹಾವಿಪತ್ತುಗಳಲ್ಲ. ಆದರೂ ಆ ಕ್ಷಣದಲ್ಲಿ ನಮ್ಮ ಬಾಯಿಗೆ ಬರುವುದು ಭಗವಂತನ ಹೆಸರೇ. ಸಂಧ್ಯಾವಂದನೆಗೂ ಬಿಡುವಿಲ್ಲವೆನ್ನುವ ನಗರವಾಸಿಗಳ ನಾಲಗೆಯಲ್ಲೂ ಈ ಮಾತು ಉಳಿದುಕೊಂಡಿರುವುದು ಸಂತೋಷದ ಸಂಗತಿ. ಆದರೆ ಇಷ್ಟು ಸುಲಭವಾಗಿ ಆಡುವ ಮಾತಿನ ಅರ್ಥವನ್ನು ನಾವು ನಿಂತು ವಿಚಾರಿಸುವುದು ಕಡಿಮೆ.

ಹೀಗೆ ವಿಚಾರಿಸಲು ವಿಜಯವಾಡದ ಇಂದ್ರಕೀಲಾದ್ರಿಯಷ್ಟು ತಕ್ಕ ಸ್ಥಳ ಬೇರೆ ಸಿಗಲಾರದು. ಚೆನ್ನೈ, ಹೌರಾ, ದೆಹಲಿಗಳ ಕಡೆಯ ಹಳಿಗಳು ಕೂಡುವ ಆ ಊರಿನಲ್ಲಿ ಹಗಲಿರುಳೆನ್ನದೆ ರೈಲುಗಳ ಸಂಚಾರ. ನಮ್ಮ ನಾಡಿನಿಂದ ಪುರಿಗೋ ಗಯೆಗೋ ಹೊರಟ ಯಾತ್ರಿಕರಲ್ಲಿ ಅನೇಕರು ಅದೇ ದಾರಿಯಾಗಿ ಹೋಗುತ್ತಾರೆ. ದಕ್ಷಿಣದಿಂದ ಬಂದ ರೈಲು ಕೃಷ್ಣೆಯ ಸೇತುವೆಯನ್ನು ಹತ್ತಿದೊಡನೆ ಎಡಗಡೆಗೆ 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜ್, ಅದರ ಆಚೆಯ ದಡದಲ್ಲಿ ಕನಕದುರ್ಗೆಯ ಬೆಟ್ಟ ಕಾಣಿಸುತ್ತವೆ. ಕಿಟಕಿಯ ಬಳಿ ಕುಳಿತವರು ಕೈಮುಗಿಯುತ್ತಾರೆ. ಕೆಲವರು ನಾಣ್ಯವನ್ನು ನದಿಗೆ ಎಸೆಯುತ್ತಾರೆ. ಇಳಿದು ಬೆಟ್ಟ ಹತ್ತುವವರು ತಮ್ಮ ಗೋತ್ರನಕ್ಷತ್ರಗಳನ್ನು ಹೇಳಿ ಕುಂಕುಮಾರ್ಚನೆ ಮಾಡಿಸುತ್ತಾರೆ. ಶ್ರೀ, ಭೂ, ದುರ್ಗಾ ಎಂಬ ಮೂರು ರೂಪಗಳಿಂದ ಮಹಾಲಕ್ಷ್ಮಿಯನ್ನು ಚಿಂತಿಸುವ ನಮಗೆ ಆ ಸನ್ನಿಧಿ ಪರಕೀಯವಲ್ಲ. ಅರ್ಜುನನು ತಪಸ್ಸು ಮಾಡಿ ಪಾಶುಪತಾಸ್ತ್ರವನ್ನು ಪಡೆದದ್ದು ಇಲ್ಲಿಯೇ ಎನ್ನುತ್ತದೆ ಸ್ಥಳಪುರಾಣ. ವನಪರ್ವದ ಇಂದ್ರಕೀಲವು ಹಿಮವತ್ಪ್ರಾಂತ್ಯದ್ದೆಂದು ವಾದಿಸುವವರೊಡನೆ ನಾವು ಚರ್ಚೆಗಿಳಿಯುವುದಿಲ್ಲ. ವಿಜಯನ ಹೆಸರನ್ನು ಊರೇ ಹೊತ್ತಿರುವಾಗ ಅಲ್ಲಿ ಅವನನ್ನು ಸ್ಮರಿಸುವುದಕ್ಕೆ ಅಡ್ಡಿಯೇನೂ ಇಲ್ಲ.

ಈ ಬೆಟ್ಟದ ಮೇಲೆ 2020ರ ಅಕ್ಟೋಬರ್ 21ರಂದು, ನವರಾತ್ರಿಯ ಮೂಲಾನಕ್ಷತ್ರದ ದಿನ, ಕಲ್ಲುಮಣ್ಣು ಕುಸಿದು ಬಿತ್ತು. ರಾಜ್ಯದ ಮುಖ್ಯಮಂತ್ರಿಗಳು ದರ್ಶನಕ್ಕೆ ಬರಲು ಕೆಲವೇ ಹೊತ್ತು ಉಳಿದಿತ್ತು. ಉತ್ಸವದ ದಿನವಾದರೂ ಪ್ರಾಣಹಾನಿಯಾಗಲಿಲ್ಲ. ಅಮ್ಮನವರೇ ಕಾಪಾಡಿದರೆಂದು ಭಕ್ತರು ಹೇಳಿದರೆ ಅದು ಸಹಜ, ಯುಕ್ತವೂ ಹೌದು. ಆದರೆ ಅದೇ ವಿಜಯವಾಡದ ಮೊಗಲ್‌ರಾಜಪುರದಲ್ಲಿ 2024ರ ಆಗಸ್ಟ್ 31ರಂದು ಮಳೆಗೆ ಗುಡ್ಡ ಕುಸಿದು ಮನೆಗಳ ಮೇಲೆ ಬಂಡೆಗಳು ಉರುಳಿದಾಗ ಹಲವರು ಅಸುನೀಗಿದರು. ಅವರೂ ಕನಕದುರ್ಗೆಯ ಊರಿನವರೇ. ದಿನವೂ ಅದೇ ಬೆಟ್ಟದ ದೀಪವನ್ನು ನೋಡುತ್ತಿದ್ದವರೇ. ಮೊದಲನೆಯದಕ್ಕೆ ‘ಕಾಪಾಡಿದಳು’ ಎಂದ ನಾಲಗೆ ಎರಡನೆಯದಕ್ಕೆ ಏನೆನ್ನಬೇಕು?

ಈ ಪ್ರಶ್ನೆಯನ್ನು ನಾಸ್ತಿಕರು ಕೇಳುತ್ತಾರೆಂದು ನಾವು ಸಾಮಾನ್ಯವಾಗಿ ಪಕ್ಕಕ್ಕಿಡುತ್ತೇವೆ. ಅದು ಸರಿಯಲ್ಲ. ಇದು ಆಸ್ತಿಕರದೇ ಪ್ರಶ್ನೆ. ದೇವರೇ ಇಲ್ಲವೆನ್ನುವವನಿಗೆ ಇಲ್ಲಿ ಕೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಕೃತಜ್ಞತೆಯುಳ್ಳವನೇ ಇದನ್ನು ಎದುರಿಸಬೇಕಾದವನು. ಕನ್ನಡಿಗರಿಗೆ ಹತ್ತಿರವಾದ ಒಂದು ಘಟನೆಯಲ್ಲಿ ಈ ಪ್ರಶ್ನೆ ಎಷ್ಟು ತೀಕ್ಷ್ಣವಾಗಿ ನಿಂತಿದೆಯೆಂಬುದನ್ನು ನೋಡೋಣ.

2023ರ ಜೂನ್ 1ರಂದು ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೌರಾಕ್ಕೆ ಹೊರಟ ರೈಲಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಳಸದ ಕಡೆಯ ಸುಮಾರು 110 ಮಂದಿ ಜೈನ ಯಾತ್ರಿಕರಿದ್ದರು. ಅವರ ಗಮ್ಯ ಸಮ್ಮೇದ ಶಿಖರ್ಜಿ. ಅವರ ತೀರ್ಥ ಬೇರೆ, ನಮ್ಮ ತೀರ್ಥ ಬೇರೆ. ಆದರೆ ಅವರು ಹೊರಟ ಊರು ನಮಗೆ ಚಿರಪರಿಚಿತ. ಕಳಸದ ಬಳಿಯ ಅಂಬುತೀರ್ಥದಲ್ಲಿ, ಭದ್ರಾನದಿಯ ಪ್ರವಾಹದ ನಡುವೆ, ಶ್ರೀಮದಾಚಾರ್ಯರು ಜನರ ಅನುಕೂಲಕ್ಕಾಗಿ ಒಂದೇ ಕೈಯಿಂದ ತಂದು ಇರಿಸಿದರೆಂದು ಹೇಳುವ ಬೃಹತ್ ಶಿಲೆಯನ್ನು, ಅದನ್ನು ಸಾರುವ ಶಾಸನವನ್ನು ನೋಡದ ಮಾಧ್ವಯಾತ್ರಿಕರು ವಿರಳ. ಆ ಭದ್ರೆಯೇ ತುಂಗೆಯೊಡನೆ ಕೂಡಿ, ಮಂತ್ರಾಲಯದ ರಾಯರ ಸನ್ನಿಧಿಯ ಮುಂದೆ ಹರಿದು, ಕೃಷ್ಣೆಯನ್ನು ಸೇರಿ ಇಂದ್ರಕೀಲಾದ್ರಿಯ ಬುಡವನ್ನು ತಲುಪುತ್ತಾಳೆ. ಆ ರೈಲು ವಿಜಯವಾಡದಲ್ಲಿ ಸೇತುವೆಯನ್ನು ದಾಟಿದಾಗ ಕಳಸದವರು ತಮ್ಮೂರ ನೀರನ್ನೇ ದಾಟಿದರೆನ್ನಬೇಕು.

ಮರುದಿನ ರೈಲು ವಿಶಾಖಪಟ್ಟಣಕ್ಕೆ ಬಂತು. ಆ ನಿಲ್ದಾಣದ ರಚನೆ ವಿಶಿಷ್ಟವಾದದ್ದು. ಚೆನ್ನೈ ಕಡೆಯಿಂದ ಬಂದ ಗಾಡಿ ಅಲ್ಲಿಂದ ನೇರವಾಗಿ ಮುಂದೆ ಹೋಗಲಾರದು. ಬಂದ ದಿಕ್ಕಿಗೇ ಮರಳಿ ಹೊರಟು, ಸಿಂಹಾಚಲದ ಮಗ್ಗುಲಿನಲ್ಲಿ ಹಾದು ಉತ್ತರಕ್ಕೆ ತಿರುಗಬೇಕು. ಆದ್ದರಿಂದ ಇಂಜಿನನ್ನು ಒಂದು ತುದಿಯಿಂದ ಕಳಚಿ ಮತ್ತೊಂದು ತುದಿಗೆ ಜೋಡಿಸುತ್ತಾರೆ. ಅದುವರೆಗೆ ಹಿಂದಿದ್ದ ಬೋಗಿ ಮುಂದಾಗುತ್ತದೆ, ಮುಂದಿದ್ದದ್ದು ಹಿಂದಾಗುತ್ತದೆ. ಪ್ರಯಾಣಿಕರು ಅಷ್ಟು ಹೊತ್ತಿನಲ್ಲಿ ಕೆಳಗಿಳಿದು ತಿಂಡಿ ಕೊಳ್ಳುತ್ತಾರೆ, ನೀರು ತುಂಬಿಸಿಕೊಳ್ಳುತ್ತಾರೆ. ಕುಳಿತ ಸ್ಥಳ ಕೊನೆಯದರಿಂದ ಮೊದಲನೆಯದಾಯಿತೆಂದು ಯಾರೂ ಲೆಕ್ಕವಿಡುವುದಿಲ್ಲ.

ಅಂದು ಸಂಜೆ ಏಳರ ಸುಮಾರಿಗೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಚೆನ್ನೈಗೆ ಹೋಗುತ್ತಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಮುಖ್ಯ ಹಳಿಯನ್ನು ಬಿಟ್ಟು ಪಕ್ಕದ ಹಳಿಗೆ ನುಗ್ಗಿ, ಅಲ್ಲಿ ನಿಂತಿದ್ದ ಸರಕು ರೈಲಿಗೆ ಬಡಿಯಿತು. ಅದರ ಬೋಗಿಗಳು ಸಿಡಿದು ಬಿದ್ದದ್ದು ಎದುರು ದಿಕ್ಕಿನಲ್ಲಿ ಆಗತಾನೆ ದಾಟುತ್ತಿದ್ದ ಬೆಂಗಳೂರಿನ ರೈಲಿನ ಕೊನೆಯ ಬೋಗಿಗಳ ಮೇಲೆ. ಒಟ್ಟು ಮೃತರು 290ಕ್ಕೂ ಹೆಚ್ಚು. ಕಳಸದ ಯಾತ್ರಿಕರಿಗೆ ಏನೂ ಆಗಲಿಲ್ಲ. ಬೆಂಗಳೂರಿನಿಂದ ಹೊರಟಾಗ ಹಿಂಬದಿಯಲ್ಲಿದ್ದ ಅವರ ಬೋಗಿಗಳು ವಿಶಾಖಪಟ್ಟಣದಲ್ಲಿ ಇಂಜಿನ್ ಬದಲಾದಾಗ ಮುಂಬದಿಗೆ ಬಂದಿದ್ದವೆಂದು ಆ ದಿನಗಳ ವರದಿಗಳು ತಿಳಿಸಿದವು. ಹಾನಿಯಾಗದ ಬೋಗಿಗಳೊಡನೆ ರೈಲು ಹೌರಾದತ್ತ ಮುಂದುವರಿಯಿತು.

ಆ ನೂರಹತ್ತು ಮನೆಯವರ ಊರಿನಲ್ಲಿ ಅಂದು ರಾತ್ರಿ ‘ದೇವರು ಕಾಪಾಡಿದ’ ಎಂಬ ಮಾತು ಎಷ್ಟು ಬಾರಿ ಉಚ್ಚರಿತವಾಗಿರಬೇಕು! ಅದನ್ನು ಬೇಡವೆನ್ನುವ ಅಧಿಕಾರ ಯಾರಿಗಿದೆ? ಆದರೆ ವಿಶಾಖಪಟ್ಟಣದಲ್ಲಿ ಹಿಂದಿನದು ಮುಂದಾದಾಗ, ಮುಂದಿನದು ಹಿಂದಾಯಿತು. ಇಂಜಿನ್ನಿನ ಅದೇ ಒಂದು ಸುತ್ತು ಕೆಲವರನ್ನು ಉಳಿಸಿತು, ಮತ್ತೆ ಕೆಲವರನ್ನು ಅಪಾಯದ ಜಾಗಕ್ಕೆ ತಂದು ನಿಲ್ಲಿಸಿತು. ಒಂದೇ ಕ್ರಿಯೆಯನ್ನು ಅನುಗ್ರಹವೆಂದು ಕರೆಯುವ ಮನೆಯೂ, ಹಾಗೆ ಕರೆಯಲಾರದ ಮನೆಯೂ ಆ ರೈಲಿನಲ್ಲಿದ್ದವು. ಇಲ್ಲಿ ಸುಲಭವಾದ ಉತ್ತರಗಳಿಂದ ತೃಪ್ತರಾಗುವುದು ನಮ್ಮ ಸಿದ್ಧಾಂತಕ್ಕೆ ತಕ್ಕದ್ದಲ್ಲ.

ಸುಲಭದ ಉತ್ತರಗಳಲ್ಲಿ ಹೆಚ್ಚು ಪ್ರಚಲಿತವಾದದ್ದು ‘ಅವರವರ ಪುಣ್ಯ’ ಎಂಬುದು. ಬದುಕಿದವನು ಈ ಮಾತನ್ನಾಡಿದಾಗ ಅದರೊಳಗಿಂದ ಎರಡನೆಯ ವಾಕ್ಯವೊಂದು ತಾನಾಗಿಯೇ ಹೊರಡುತ್ತದೆ, ‘ಸತ್ತವರಿಗೆ ಪುಣ್ಯವಿರಲಿಲ್ಲ’ ಎಂದು. ಬಾಯಿಬಿಟ್ಟು ಹೇಳದಿದ್ದರೂ ಕೇಳಿದವರಿಗೆ ಅದು ಕೇಳಿಸುತ್ತದೆ. ನಮ್ಮ ರೈಲುಗಳಲ್ಲಿ ಕಾಯ್ದಿರಿಸದ ಬೋಗಿಗಳನ್ನು ಸಾಮಾನ್ಯವಾಗಿ ಗಾಡಿಯ ಎರಡು ತುದಿಗಳಲ್ಲಿ ಜೋಡಿಸುತ್ತಾರೆ; ಕೂಲಿಗಾಗಿ ದೂರದ ಊರಿಗೆ ಹೊರಟ ಬಡವರು ಕುಳಿತುಕೊಳ್ಳುವುದು, ಹೆಚ್ಚಾಗಿ ನಿಂತುಕೊಳ್ಳುವುದು ಅಲ್ಲಿ. ಢಿಕ್ಕಿಯ ಮೊದಲ ಪೆಟ್ಟು ಬೀಳುವುದೂ ಅಲ್ಲಿಯೇ. ಹವಾನಿಯಂತ್ರಿತ ಬೋಗಿಯಲ್ಲಿ ನಡುವೆ ಮಲಗಿದವನು ತನ್ನ ಕ್ಷೇಮಕ್ಕೆ ಜನ್ಮಾಂತರದ ಪುಣ್ಯವೇ ಕಾರಣವೆಂದು ತೀರ್ಮಾನಿಸುವ ಮೊದಲು ತಾನು ಕೊಟ್ಟ ಟಿಕೆಟ್ಟಿನ ದರವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇದರ ಅರ್ಥ ಕರ್ಮಸಿದ್ಧಾಂತವನ್ನು ಬಿಡಬೇಕೆಂದಲ್ಲ. ಭಗವಂತನಲ್ಲಿ ಪಕ್ಷಪಾತವಾಗಲಿ ನಿರ್ದಯತೆಯಾಗಲಿ ಇಲ್ಲವೆಂಬುದನ್ನು ಬ್ರಹ್ಮಸೂತ್ರಗಳು ಎರಡನೆಯ ಅಧ್ಯಾಯದ ಮೊದಲ ಪಾದದಲ್ಲೇ ನಿರ್ಣಯಿಸಿವೆ. ಜೀವರ ಅನಾದಿಕರ್ಮ, ಯೋಗ್ಯತೆ, ಪ್ರಯತ್ನ ಇವುಗಳನ್ನು ಅನುಸರಿಸಿಯೇ ಅವನು ಫಲವನ್ನು ಕೊಡುತ್ತಾನೆ. ಆ ಕರ್ಮಾದಿಗಳ ಇರವೂ ಅವನ ಅಧೀನವಾದ್ದರಿಂದ ಅವನ ಸ್ವಾತಂತ್ರ್ಯಕ್ಕೆ ಕುಂದಿಲ್ಲ. ಇಷ್ಟು ಶಾಸ್ತ್ರ. ಆದರೆ ಲೆಕ್ಕವಿದೆಯೆಂದು ತಿಳಿಯುವುದು ಬೇರೆ, ಲೆಕ್ಕದ ಪುಸ್ತಕವನ್ನು ತೆರೆದು ಓದುವುದು ಬೇರೆ. ಮೊದಲನೆಯದು ಶ್ರದ್ಧೆ. ಎರಡನೆಯದು ಯಾರಿಗೂ ಕೊಟ್ಟಿಲ್ಲದ ಅಧಿಕಾರವನ್ನು ತಾನೇ ತೆಗೆದುಕೊಳ್ಳುವುದು. ನಮ್ಮಲ್ಲಿ ಎಷ್ಟೋ ಜನ ಶ್ರದ್ಧಾವಂತರು, ಅಪಘಾತದ ವಾರ್ತೆಯನ್ನು ಕೇಳಿದ ಕೂಡಲೇ ಚಿತ್ರಗುಪ್ತನ ಪಕ್ಕದಲ್ಲಿ ಹೋಗಿ ಕುಳಿತುಬಿಡುತ್ತಾರೆ.

ಇಂದ್ರಕೀಲಾದ್ರಿಯ ಅರ್ಜುನನ ಕಡೆಗೆ ಮರಳೋಣ. ಪ್ರಯಾಣದಲ್ಲಿ ದೊರೆತ ರಕ್ಷಣೆಗೆ ಅವನ ರಥಕ್ಕಿಂತ ದೊಡ್ಡ ನಿದರ್ಶನವಿಲ್ಲ. ಹದಿನೆಂಟನೆಯ ದಿನ ದುರ್ಯೋಧನನು ಬಿದ್ದ ಮೇಲೆ ಪಾಂಡವರು ಬರಿದಾದ ಕೌರವ ಶಿಬಿರಕ್ಕೆ ಬಂದರು. ಶ್ರೀಕೃಷ್ಣನು ಎಂದಿನಂತೆ ತಾನು ಮೊದಲು ಇಳಿಯದೆ, ಗಾಂಡೀವವನ್ನೂ ಬತ್ತಳಿಕೆಗಳನ್ನೂ ತೆಗೆದುಕೊಂಡು ಮೊದಲು ಇಳಿಯುವಂತೆ ಅರ್ಜುನನಿಗೆ ಹೇಳಿದನು. ಅರ್ಜುನನು ಇಳಿದನು, ಅನಂತರ ಸಾರಥಿ ಇಳಿದನು, ಧ್ವಜದಲ್ಲಿದ್ದ ಮುಖ್ಯಪ್ರಾಣದೇವರ ಸನ್ನಿಧಾನವೂ ಮರೆಯಾಯಿತು. ಮರುಕ್ಷಣದಲ್ಲಿ ರಥವು ಕುದುರೆ ನೊಗಗಳ ಸಮೇತ ಉರಿದು ಬೂದಿಯಾಯಿತು. ದ್ರೋಣ ಕರ್ಣರ ಅಸ್ತ್ರಗಳಿಂದ ಅದು ಎಂದೋ ಸುಟ್ಟುಹೋಗಬೇಕಿತ್ತು. ತಾನು ಕುಳಿತಿದ್ದರಿಂದ ನಿಂತಿತ್ತೆಂದು ಕೃಷ್ಣನು ವಿವರಿಸಿದನು. ಅರ್ಜುನನಿಗೆ ಅದುವರೆಗೂ ಅದರ ಸುಳಿವಿರಲಿಲ್ಲ. ರಥ ಓಡುತ್ತಿತ್ತು, ಅವನು ಬಾಣ ಬಿಡುತ್ತಿದ್ದನು, ಅಷ್ಟೆ.

ಈ ಪ್ರಸಂಗವನ್ನು ಉಪನ್ಯಾಸಗಳಲ್ಲಿ ನಾವೆಲ್ಲ ಕೇಳಿದ್ದೇವೆ, ಕಣ್ಣು ತುಂಬಿಕೊಂಡಿದ್ದೇವೆ. ಉಪನ್ಯಾಸ ಸಾಮಾನ್ಯವಾಗಿ ಅಲ್ಲಿಗೇ ನಿಂತುಬಿಡುತ್ತದೆ. ಮಹಾಭಾರತ ನಿಲ್ಲುವುದಿಲ್ಲ. ಅದೇ ದಿನದ ಇರುಳು, ಶಿಬಿರದೊಳಗೆ ಮಲಗುವುದು ಬೇಡವೆಂಬ ಕೃಷ್ಣನ ಮಾತಿನಂತೆ ಐವರು ಪಾಂಡವರೂ ಸಾತ್ಯಕಿಯೂ ಅವನೊಡನೆ ಹೊರಗೆ ಓಘವತೀ ನದಿಯ ದಡದಲ್ಲಿ ತಂಗಿದರು. ಶಿಬಿರದಲ್ಲಿ ಉಳಿದ ದ್ರೌಪದಿಯ ಐವರು ಮಕ್ಕಳು, ಧೃಷ್ಟದ್ಯುಮ್ನ, ಶಿಖಂಡಿ ಎಲ್ಲರೂ ಹತರಾದರು. ಕತ್ತಿ ಹಿಡಿದು ಬಂದವರು ಬದುಕಿದರು. ಮಲಗಿದ್ದ ಮಕ್ಕಳು ಬದುಕಲಿಲ್ಲ. ಒಂದೇ ದಿನ, ಒಬ್ಬನೇ ರಕ್ಷಕ. ರಥದಿಂದ ತಂದೆಯನ್ನು ಇಳಿಸಿದವನು ಶಿಬಿರದಿಂದ ಮಕ್ಕಳನ್ನು ಕರೆಯಲಿಲ್ಲ.

ವ್ಯಾಸರು ಇದನ್ನು ಮರೆಮಾಚಲಿಲ್ಲ ಎಂಬುದನ್ನು ಗಮನಿಸಬೇಕು. ಆ ಮಕ್ಕಳು ಪುಣ್ಯಹೀನರೆಂದು ಯಾವ ಆಸ್ತಿಕನೂ ಹೇಳಲಾರ. ಅಭಿಮನ್ಯುವನ್ನು ಕಂಡು ಹಾಗೆ ಹೇಳಬಲ್ಲವರಿದ್ದಾರೆಯೇ? ಅವನು ಕೃಷ್ಣನ ಸ್ವಂತ ತಂಗಿಯ ಮಗ. ದೇಹ ಉಳಿದದ್ದೇ ಅನುಗ್ರಹದ ಗುರುತು, ದೇಹ ಬಿದ್ದದ್ದೇ ಅವಕೃಪೆಯ ಗುರುತು ಎಂಬ ನಮ್ಮ ಲೆಕ್ಕವನ್ನು ಮಹಾಭಾರತ ಒಪ್ಪುವುದಿಲ್ಲ. ಜೀವನ ದಾರಿ ಈ ದೇಹದ ನಿಲ್ದಾಣದಲ್ಲಿ ಮುಗಿಯುವುದಿಲ್ಲವೆಂದು ನಂಬುವವರು ನಾವು. ಒಬ್ಬನನ್ನು ಇಲ್ಲಿ ಇಳಿಸಿ ಎಲ್ಲಿಗೆ ಕರೆದೊಯ್ದನೆಂಬುದು ಕರೆದೊಯ್ದವನಿಗೆ ಗೊತ್ತು. ಹಾಗೆಂದು ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಹೋಗಿ ಈ ತತ್ತ್ವವನ್ನು ಹೇಳುವುದು ಕ್ರೌರ್ಯ. ತತ್ತ್ವ ನಿಜವಾಗಿದ್ದರೂ ಕ್ರೌರ್ಯವೇ. ಬೆಳಗಿನಲ್ಲಿ ಧೃಷ್ಟದ್ಯುಮ್ನನ ಸಾರಥಿ ಸುದ್ದಿ ತಂದಾಗ ಧರ್ಮರಾಜನು ‘ನಾವು ಐವರಾದರೂ ಉಳಿದೆವು’ ಎಂದು ಸಮಾಧಾನಪಟ್ಟುಕೊಳ್ಳಲಿಲ್ಲ. ಮೂರ್ಛಿತನಾಗಿ ಬಿದ್ದನು. ಆ ಮೂರ್ಛೆಯಿಂದ ಅವನ ಕೃಷ್ಣಭಕ್ತಿಗೆ ಲೋಪವಾಯಿತೆಂದು ಯಾವ ಟೀಕಾಕಾರರೂ ಬರೆದದ್ದನ್ನು ನಾವು ಓದಿಲ್ಲ.

ಹಾಗಾದರೆ ಉಳಿದವನ ಬಾಯಲ್ಲಿ ‘ದೇವರು ಕಾಪಾಡಿದ’ ಎಂಬ ಮಾತು ನಿಲ್ಲಬಹುದೇ? ನಿಲ್ಲಬಹುದು. ಆದರೆ ಅದು ಪೂರ್ಣವಿರಾಮವಿಟ್ಟ ವಾಕ್ಯವಾಗಿರಬೇಕು. ಅದರ ಹಿಂದೆ ‘ಏಕೆಂದರೆ’ ಬರಬಾರದು. ಕಾಪಾಡಿದವನು ಅವನೇ ಎಂಬುದು ನಿಶ್ಚಯ, ಏಕೆಂದರೆ ಸ್ವತಂತ್ರನು ಅವನೊಬ್ಬನೇ. ಏತಕ್ಕಾಗಿ ಕಾಪಾಡಿದನೆಂಬುದು ನಮಗೆ ತಿಳಿಯದು. ‘ಮೊನ್ನೆ ತಾನೆ ಸತ್ಯನಾರಾಯಣ ಪೂಜೆ ಮಾಡಿಸಿದ್ದೆವು, ಅದಕ್ಕೇ’ ಎಂದ ತಕ್ಷಣ ಕೃತಜ್ಞತೆ ವ್ಯಾಪಾರವಾಗುತ್ತದೆ. ಪೂಜೆ ಮಾಡಿಸಿಯೂ ಮನೆಗೆ ಬಾರದವರ ಮುಖಕ್ಕೆ ಆ ಮಾತು ತಾಗುತ್ತದೆ.

ಇನ್ನೊಂದು ಕಡೆಯಿಂದ ನೋಡಿದರೆ, ಅರ್ಜುನನ ರಥವು ಬೂದಿಯಾದದ್ದು ಒಂದು ಸಂಜೆ. ಅದು ಬೂದಿಯಾಗದೆ ಓಡಿದ್ದು ಎಷ್ಟೋ ದಿನ. ರಕ್ಷಣೆ ನಡೆಯುತ್ತಿದ್ದದ್ದು ಆ ದಿನಗಳಲ್ಲಿ. ನಾವು ಹರಕೆ ತೀರಿಸುವುದು ಬೂದಿಯನ್ನು ಕಂಡ ದಿನ ಮಾತ್ರ. ಏನೂ ಆಗದ ಪ್ರಯಾಣಕ್ಕೆ ಯಾರೂ ಅರ್ಚನೆ ಮಾಡಿಸುವುದಿಲ್ಲ. ರೈಲಿನ ಉದ್ದಕ್ಕೂ ಒಂದು ಕೊಳವೆಯಲ್ಲಿ ಒತ್ತಿದ ಗಾಳಿ ತುಂಬಿರುತ್ತದೆ. ಆ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ, ಕೊಂಡಿ ಕಳಚಿ ಗಾಳಿ ಸೋರಿಹೋದರೆ ಎಲ್ಲ ಬೋಗಿಗಳ ಬ್ರೇಕೂ ತಾನಾಗಿಯೇ ಹಿಡಿದುಕೊಳ್ಳುತ್ತದೆ. ನಾವು ನಿದ್ರಿಸುತ್ತಿರುವಾಗ ಈ ಉಸಿರು ನಮ್ಮ ಕಾಲ ಕೆಳಗೆ ಓಡಾಡುತ್ತಿರುತ್ತದೆ. ವಾಯುದೇವರ ಉಪಾಸಕರಾದ ನಮಗೆ ಇದು ಹೊಳೆಯಬೇಕಿತ್ತು! ಬಂದು ಸೇರಿದ ಪ್ರತಿಯೊಂದು ಸಾಮಾನ್ಯ ಪಯಣವೂ ಹೀಗೆ ಯಾರೋ ಹಿಡಿದು ನಿಲ್ಲಿಸಿದ ರಥ. ಈ ಅನುಸಂಧಾನವುಳ್ಳವನಿಗೆ ಪವಾಡಗಳ ಕತೆ ಹೇಳುವ ಚಪಲ ಕಡಿಮೆಯಾಗುತ್ತದೆ.

ಈ ಅನುಸಂಧಾನಕ್ಕೆ ಮನುಷ್ಯಪ್ರಯತ್ನವನ್ನು ಮರೆಯುವ ಅಗತ್ಯವಿಲ್ಲ. ಜಗತ್ತು ಸತ್ಯವೆಂದೂ, ಜೀವನ ಕರ್ತೃತ್ವ ಭಗವದಧೀನವಾದರೂ ನಿಜವಾದದ್ದೆಂದೂ ಹೇಳುವ ಸಿದ್ಧಾಂತ ನಮ್ಮದು. ಮಳೆಗಾಲದ ಇರುಳಿನಲ್ಲಿ ಕಂದೀಲು ಹಿಡಿದು ಹಳಿಯ ಮೇಲೆ ಮೈಲುಗಟ್ಟಲೆ ನಡೆಯುವ ರೈಲ್ವೆಯ ಗಸ್ತಿನವನ ನಡಿಗೆ ಮಾಯೆಯಲ್ಲ. 2024ರ ಸೆಪ್ಟೆಂಬರ್ ಆರಂಭದಲ್ಲಿ ವಿಜಯವಾಡದ ಸುತ್ತ ಮಹಾಪ್ರವಾಹ ಬಂದಾಗ ತೆಲಂಗಾಣದ ಇಂಟಿಕನ್ನೆ ಮತ್ತು ಕೇಸಮುದ್ರಂಗಳ ನಡುವೆ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ ಕಂಬಿಗಳು ಅಂತರಾಳದಲ್ಲಿ ತೂಗಾಡಿದವು. ಅದರೊಳಗೆ ಯಾವ ರೈಲೂ ಬೀಳಲಿಲ್ಲ, ಸಂಚಾರವನ್ನು ನಿಲ್ಲಿಸಿದ್ದರು. ನೂರಾರು ಗಾಡಿಗಳು ರದ್ದಾದವು. ನಿಲ್ದಾಣಗಳಲ್ಲಿ ಸಿಕ್ಕಿಬಿದ್ದವರು ಗೊಣಗಿದರು. ‘ರೈಲು ಸಿಗಲಿಲ್ಲ, ದೇವರು ಕೈಬಿಟ್ಟ’ ಎಂದವರೂ ಅವರಲ್ಲಿದ್ದರೆ ಆಶ್ಚರ್ಯವಿಲ್ಲ. ತಡೆದು ನಿಲ್ಲಿಸಿದ ಕೈಯೂ ಕಾಪಾಡುವ ಕೈಯೇ ಎಂಬುದು ನಿಂತವರಿಗೆ ಒಡನೆ ಹೊಳೆಯುವುದಿಲ್ಲ.

ಆ ಪ್ರವಾಹದಲ್ಲಿ ಪ್ರಕಾಶಂ ಬ್ಯಾರೇಜಿನ ಮೂಲಕ ಹರಿದ ನೀರು 11 ಲಕ್ಷ ಕ್ಯೂಸೆಕ್ಕನ್ನು ಮೀರಿತ್ತು. ಕಟ್ಟು ಕಳಚಿದ ದೋಣಿಗಳು ತೇಲಿಬಂದು ಗೇಟುಗಳ ಸಮತೋಲನದ ಕಾಂಕ್ರೀಟ್ ತೂಕಗಳಿಗೆ ಬಡಿದು ಅವುಗಳನ್ನು ಒಡೆದವು. ಸರಿಪಡಿಸುವ ಕೆಲಸಕ್ಕೆ ಬಂದವರು ನಿವೃತ್ತ ಇಂಜಿನಿಯರ್ ಕನ್ನಯ್ಯ ನಾಯ್ಡು. ಕನ್ನಡಿಗರು ಅವರ ಹೆಸರನ್ನು ಅದಕ್ಕೆ ಹಿಂದಿನ ತಿಂಗಳಷ್ಟೇ ಕೇಳಿದ್ದರು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ, ರಭಸದಿಂದ ಧುಮುಕುತ್ತಿದ್ದ ನೀರಿನಲ್ಲೇ ಸ್ಟಾಪ್‌ಲಾಗ್‌ಗಳನ್ನು ಇಳಿಸುವ ಕಾರ್ಯಕ್ಕೆ ಮಾರ್ಗದರ್ಶನ ಮಾಡಿದವರು ಅವರೇ. ಹೊಸಪೇಟೆಯಿಂದ ಇಂದ್ರಕೀಲಾದ್ರಿಯವರೆಗೆ ಒಂದೇ ನೀರು, ಎರಡು ಕಡೆಯೂ ಅದೇ ಮನುಷ್ಯನ ಅನುಭವದ ಬಲ. ಕೆಳಗಿನ ಊರುಗಳವರು ಹರಿಯನ್ನು ನೆನೆದು ಈ ಹಿರಿಯರನ್ನೂ ಅವರೊಡನೆ ನೀರಿನ ಬಾಯಲ್ಲಿ ನಿಂತ ಕೆಲಸಗಾರರನ್ನೂ ಮರೆತರೆ, ಒಳಗಿದ್ದು ಮಾಡಿಸಿದವನಿಗೆ ಆ ನೆನಪು ಪೂರ್ತಿಯಾಗಿ ಸಲ್ಲುವುದಿಲ್ಲ. ಕೊಟ್ಟವನನ್ನು ಕೊಂಡಾಡಿ ತಂದುಕೊಟ್ಟವನನ್ನು ಬಾಗಿಲಲ್ಲಿ ನಿಲ್ಲಿಸುವುದು ಯಾವ ಮರ್ಯಾದೆ?

ಇದೇ ಕಾರಣಕ್ಕೆ ಮನುಷ್ಯನ ತಪ್ಪನ್ನೂ ದೇವರ ತಲೆಗೆ ಕಟ್ಟಲಾಗದು. ಬಹಾನಗಾದ ದುರಂತವನ್ನು ತನಿಖೆ ಮಾಡಿದ ರೈಲ್ವೆ ಸುರಕ್ಷತಾ ಆಯುಕ್ತರು ಸಿಗ್ನಲ್ ತಂತಿಗಳ ಬದಲಾವಣೆಯಲ್ಲಿ ನಡೆದ ಲೋಪಗಳನ್ನು ಎತ್ತಿ ತೋರಿಸಿದರು. ಮುಖ್ಯ ಹಳಿಗೆ ಹಸಿರು ದೀಪ ಉರಿಯುತ್ತಿದ್ದಾಗ ಹಳಿಯ ಕವಲು ಪಕ್ಕದ ಮಾರ್ಗಕ್ಕೆ ತೆರೆದಿತ್ತು. ‘ವಿಧಿ’ ಎಂದು ನಿಟ್ಟುಸಿರಿಟ್ಟು ಇಂತಹ ವರದಿಯನ್ನು ಮಡಚಿಡುವವನು ಭಕ್ತನಂತೆ ಕಾಣಬಹುದು. ಮುಂದಿನ ರೈಲಿನಲ್ಲಿ ಕುಳಿತವರ ಪಾಲಿಗೆ ಅವನು ಮಿತ್ರನಲ್ಲ.

ಉಳಿದವನು ಏನು ಕೊಡಬೇಕೆಂಬುದು ಮುಂದಿನ ಪ್ರಶ್ನೆ. ಉಡುಪಿಯ ಶ್ರೀಕೃಷ್ಣನು ನಮಗೆ ದೊರೆತದ್ದೇ ಒಬ್ಬ ಪ್ರಯಾಣಿಕನ ಕೃತಜ್ಞತೆಯಿಂದ ಎಂಬುದನ್ನು ಇಲ್ಲಿ ಸ್ಮರಿಸಬೇಕು. ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗನ್ನು ಶ್ರೀಮದಾಚಾರ್ಯರು ದಡದಿಂದ ತಮ್ಮ ಬಟ್ಟೆಯನ್ನು ಬೀಸಿ ದಾರಿ ತೋರಿ ಉಳಿಸಿದರು. ಹಡಗಿನವನು ಬೇಕಾದ ಸರಕನ್ನು ತೆಗೆದುಕೊಳ್ಳಿರೆಂದು ಬೇಡಿದಾಗ ಅವರು ಆರಿಸಿಕೊಂಡದ್ದು ತೂಕಕ್ಕಾಗಿ ತುಂಬಿದ್ದ ಗೋಪೀಚಂದನದ ಗಡ್ಡೆಯನ್ನು. ಆ ನಾವಿಕನು ಮಣ್ಣನ್ನು ಕೊಟ್ಟೆನೆಂದುಕೊಂಡನು. ತಾನು ಏನನ್ನು ಕೊಟ್ಟೆನೆಂಬುದು ಅವನಿಗೆ ತಿಳಿಯಲಿಲ್ಲ; ಅದರ ಫಲವನ್ನು ಇಂದಿಗೂ ಉಣ್ಣುತ್ತಿರುವವರು ಅವನ ಹೆಸರನ್ನೂ ಅರಿಯದ ಜನ. ಪ್ರಾಣ ಉಳಿದವನು ಕೊಟ್ಟದ್ದು ತನಗೆ ಮರಳಿ ಬರಲಿಲ್ಲ, ಪರರಿಗೆ ಹೋಯಿತು.

ಬಹಾನಗಾದಲ್ಲಿ ಪ್ರಾಣವನ್ನಲ್ಲ, ರಾತ್ರಿಯ ನಿದ್ರೆಯನ್ನು ಕಳೆದುಕೊಂಡ ಹಳ್ಳಿಗರು ಇನ್ನೂ ಮುಂದೆ ಹೋದರು. ಅಪಘಾತವಾದೊಡನೆ ಓಡಿಬಂದವರು ಅವರೇ. ಬಾಲೇಶ್ವರದ ಆಸ್ಪತ್ರೆಯಲ್ಲಿ ಆ ರಾತ್ರಿ ರಕ್ತ ಕೊಡಲು ಜನ ಸಾಲುಗಟ್ಟಿ ನಿಂತರು. ಊರಿನ ಪ್ರೌಢಶಾಲೆ ಶವಾಗಾರವಾಯಿತು. ಹತ್ತನೆಯ ದಿನದ ಹೊತ್ತಿಗೆ ನೂರಕ್ಕೂ ಹೆಚ್ಚು ಗ್ರಾಮಸ್ಥರು ತಲೆ ಬೋಳಿಸಿಕೊಂಡು ಮೃತರಿಗಾಗಿ ದಶಾಹದ ಕರ್ಮಗಳನ್ನು ಮಾಡಿದರು. ಸತ್ತವರು ಅವರ ದಾಯಾದಿಗಳಲ್ಲ. ಹೆಸರು ಗೋತ್ರ ತಿಳಿಯದು. ಯಾವ ರಾಜ್ಯದವರೆಂಬುದೂ ತಿಳಿಯದು. ಅವರ ಊರಿನ ನಿಲ್ದಾಣದಲ್ಲಿ ಅವರ ಪಯಣ ಮುಗಿದಿತ್ತು, ಅಷ್ಟೇ ಸಂಬಂಧ.

ಇದು ಹೊಸದೆಂದು ತಿಳಿಯಬಾರದು. ಯುದ್ಧ ಮುಗಿದ ಮೇಲೆ ಮೂರ್ಛೆಯಿಂದ ಎದ್ದ ಧರ್ಮರಾಜನು ಮಾಡಿದ್ದೂ ಇದನ್ನೇ. ನಾನಾ ದೇಶಗಳಿಂದ ಬಂದು ಬಿದ್ದವರಲ್ಲಿ ಅಗ್ನಿಯಿಡಲು ಬಂಧುಗಳಿಲ್ಲದವರು ಸಾವಿರಾರು ಮಂದಿ ಇದ್ದರು. ವಿದುರ, ಸಂಜಯ, ಧೌಮ್ಯ ಮೊದಲಾದವರನ್ನು ಕರೆದು, ಅನಾಥವಾಗಿ ಯಾವ ದೇಹವೂ ಉಳಿಯದಂತೆ ಎಲ್ಲರಿಗೂ ವಿಧಿಪೂರ್ವಕವಾಗಿ ಸಂಸ್ಕಾರ ಮಾಡಿಸಬೇಕೆಂದು ಅವನು ನಿಯಮಿಸಿದನೆಂದು ಸ್ತ್ರೀಪರ್ವ ಹೇಳುತ್ತದೆ. ಆ ಇರುಳು ನದಿಯ ದಡದಲ್ಲಿ ಮಲಗಿ ಉಳಿದುಕೊಂಡವನು ತನ್ನ ಉಳಿವಿಗೆ ಸಲ್ಲಿಸಿದ ಕಾಣಿಕೆ ಅದು ಎಂದು ನಾವು ಓದಿಕೊಳ್ಳುತ್ತೇವೆ. ಅವನು ದೇವರಲ್ಲಿ ‘ಏಕೆ ಅವರು, ಏಕೆ ನಾವಲ್ಲ’ ಎಂದು ಲೆಕ್ಕ ಕೇಳಲಿಲ್ಲ. ಆ ಲೆಕ್ಕ ತನಗೆ ತಿಳಿಯಿತೆಂದೂ ಹೇಳಲಿಲ್ಲ.

ಇಂದ್ರಕೀಲಾದ್ರಿಯ ಬುಡದಲ್ಲಿ ದುರ್ಗಾಘಾಟ್ ಇದೆ. 2016ರ ಆಗಸ್ಟ್ 12ರಿಂದ 23ರವರೆಗೆ ನಡೆದ ಕೃಷ್ಣಾ ಪುಷ್ಕರದಲ್ಲಿ ವಿಜಯವಾಡದ ಘಾಟುಗಳ ಮೇಲೆ ಲಕ್ಷಾಂತರ ಜನ ಮಿಂದು ಪಿತೃಕಾರ್ಯಗಳನ್ನು ಮಾಡಿದರು. ಮುಂದಿನ ಪುಷ್ಕರ 2028ರಲ್ಲಿ. ತೀರ್ಥಶ್ರಾದ್ಧದಲ್ಲಿ ತಂದೆ ತಾಯಿಗಳ ವರ್ಗಗಳಾದ ಮೇಲೆ ಕಾರುಣ್ಯಪಿತೃಗಳೆಂದು ಒಂದು ಪಟ್ಟಿ ಬರುತ್ತದೆ. ಅತ್ತೆ, ಮಾವ, ಗುರು, ಶಿಷ್ಯ, ಸಖ ಹೀಗೆ ಅದು ಸಾಗುತ್ತದೆ. ಪುರೋಹಿತರು ಅವಸರದಲ್ಲಿದ್ದರೆ ಅದನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ನಮಗೂ ರೈಲಿನ ಹೊತ್ತಾಗಿರುತ್ತದೆ. ಆ ಪಟ್ಟಿಯಲ್ಲಿ ಸಹಪ್ರಯಾಣಿಕನೆಂಬ ಹೆಸರಿಲ್ಲ. ಆದರೆ ಸಖನೆಂಬಲ್ಲಿ ಒಂದು ಕ್ಷಣ ನಿಲ್ಲಿಸಿ, ವಿಶಾಖಪಟ್ಟಣದಲ್ಲಿ ಹಿಂದಾದ ಬೋಗಿಯವರನ್ನು, ಮೊಗಲ್‌ರಾಜಪುರದ ಬಂಡೆಯ ಕೆಳಗಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಎಳ್ಳುನೀರನ್ನು ಬಿಡುತ್ತೇವೆಂದರೆ ಬೇಡವೆನ್ನುವ ಪುರೋಹಿತರು ಇರಲಾರರು. ಬೆಟ್ಟದ ಮೇಲಿನ ಅರ್ಚನೆಯ ಚೀಟಿಯನ್ನು ಆಮೇಲೆ ಬರೆಸಬಹುದು. ದರ್ಶನದ ಸಾಲು ಹೇಗೂ ಉದ್ದವಾಗಿಯೇ ಇರುತ್ತದೆ.